ಡಬ್ಬಿಯಲ್ಲಿ ಏನಿತ್ತು: ಎಂಟು ತಿಂಗಳ ಮಗುವಿನ ಮೊದಲ ಅಲರ್ಜಿ ಭೇಟಿಗೆ ಒಂದು ಮನೆ ತಯಾರಾದ ಬಗೆ

ಗಂಡು ಮಗು, ಎಂಟು ತಿಂಗಳು. ತಿಪಟೂರು ಕಡೆಯ ಮನೆ. ಅಪ್ಪ, ಅಮ್ಮ, ಅಜ್ಜಿ, ತಾತ ಒಟ್ಟಿಗೆ ಇದ್ದಾರೆ. ಸಸ್ಯಾಹಾರಿಗಳು. ತಾಯಿಯ ಹಾಲು ಇನ್ನೂ ನಡೆಯುತ್ತಿತ್ತು. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಶುರು ಮಾಡಿದ್ದರು. ಮಗುವಿನ ಕೆನ್ನೆ ಮತ್ತು ಕಾಲಿನ ಮೇಲೆ ಕೆಲವು ತಿಂಗಳಿಂದ ಒಣಗಿದ ಕೆಂಪು ಚರ್ಮ ಇತ್ತು, ತುರಿಕೆಯೂ ಇತ್ತು. ಎಕ್ಸಿಮಾ ಎಂದು ಊರಿನ ಮಕ್ಕಳ ಡಾಕ್ಟರು ಮುಲಾಮು ಕೊಟ್ಟಿದ್ದರು.

ಒಂದು ಬೆಳಗ್ಗೆ ಮನೆಯಲ್ಲೇ ಮಾಡಿದ ಮಾಲ್ಟ್ ಪುಡಿಯ ಗಂಜಿ ತಿನ್ನಿಸಿದರು. ನಾಲ್ಕೈದು ಚಮಚ ಹೋಗಿತ್ತು, ಅಷ್ಟೇ. ಹತ್ತು ನಿಮಿಷದೊಳಗೆ ಬಾಯಿ ಸುತ್ತ ಕೆಂಪಾಯಿತು. ಆಮೇಲೆ ಹೊಟ್ಟೆ, ಬೆನ್ನಿನ ಮೇಲೆ ಗಂಧೆ ಎದ್ದವು. ಎಡಗಣ್ಣಿನ ರೆಪ್ಪೆ ಊದಿಕೊಂಡಿತು. ಎರಡು ಸಲ ಜೋರು ವಾಂತಿ. ಅಷ್ಟು ಹೊತ್ತು ಅಳುತ್ತಿದ್ದ ಮಗು ಮಂಕಾಗಿ ಹೆಗಲ ಮೇಲೆ ಒರಗಿತು. ಪಕ್ಕದ ಮನೆಯವರು ಪಿತ್ತದ ಗಂಧೆ, ಕಂಬಳಿ ಹೊದಿಸಿ ಎಂದರು. ಅಪ್ಪ ಕೇಳಲಿಲ್ಲ, ಗಾಡಿ ತೆಗೆದು ಹತ್ತಿರದ ಕ್ಲಿನಿಕ್ಕಿಗೆ ಓಡಿದರು. ಅಲ್ಲಿ ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತು ಇರಿಸಿಕೊಂಡರು. ಸಂಜೆಯ ಹೊತ್ತಿಗೆ ಮಗು ಆಟವಾಡುತ್ತಿತ್ತು. ಮೂರ್ನಾಲ್ಕು ದಿನದ ಮೇಲೆ ಮಕ್ಕಳ ಡಾಕ್ಟರು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ಅಲರ್ಜಿ ವಿಭಾಗಕ್ಕೆ ಚೀಟಿ ಬರೆದರು. ತಾರೀಖು ಸಿಕ್ಕಿದ್ದು ಮೂರು ವಾರ ಬಿಟ್ಟು.

ನಾನು ಮಕ್ಕಳ ಆಹಾರದ ಬಗ್ಗೆ ಸಲಹೆ ಕೊಡುವ ಕೆಲಸದಲ್ಲಿ ಇದ್ದೇನೆ. ಈ ಮನೆಯವರು ನನ್ನ ಹತ್ತಿರ ಬಂದದ್ದು ಆ ಮೂರು ವಾರದ ಶುರುವಿನಲ್ಲಿ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ಅಲರ್ಜಿ ಡಾಕ್ಟರು ಏನು ಮಾಡುತ್ತಾರೆ ಎಂಬುದಕ್ಕಿಂತ ಅಲ್ಲಿಗೆ ಹೋಗುವ ಮುಂಚೆ ಮನೆಯಲ್ಲಿ ಏನು ನಡೆಯಿತು ಎಂಬುದೇ ಈ ಪ್ರಕರಣದಲ್ಲಿ ಮುಖ್ಯ. ಅಲರ್ಜಿ ಪತ್ತೆ ಮಾಡುವಾಗ ಡಾಕ್ಟರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ನಡೆದ ಸಂಗತಿಯ ಸರಿಯಾದ ವಿವರ. ಪರೀಕ್ಷೆ ಬರುವುದು ಅದರ ನಂತರ. ಆ ವಿವರ ಇರುವುದು ಅಡುಗೆ ಮಾಡುವವರ ಹತ್ತಿರ.

ಮನೆಗೆ ಮನೆಯೇ ಉಪವಾಸ

ನಾನು ಮೊದಲ ಸಲ ಮಾತಾಡಿದಾಗ ಮಗುವಿಗೆ ಕೊಡುತ್ತಿದ್ದದ್ದು ಅನ್ನದ ಗಂಜಿ ಮತ್ತು ತಾಯಿಯ ಹಾಲು, ಅಷ್ಟೇ. ರಾಗಿ ಬಂದ್, ಗೋಧಿ ಬಂದ್, ಹಾಲು ಮೊಸರು ಬಂದ್, ಬೇಳೆ ಬಂದ್, ಬಾಳೆಹಣ್ಣು ಕೂಡ ಬಂದ್. ತಾಯಿಯೂ ಅನ್ನ ಸಾರಿನ ಮೇಲೆ ಇದ್ದರು. ತಾನು ತಿಂದದ್ದು ಹಾಲಿನ ಮೂಲಕ ಮಗುವಿಗೆ ಹೋಗಿಬಿಟ್ಟರೆ ಎಂಬ ಭಯ. ಎಲ್ಲರೂ ಬಯ್ಯುತ್ತಿದ್ದದ್ದು ರಾಗಿಯನ್ನು. ಗಂಜಿಯ ಬಣ್ಣ ರಾಗಿಯದ್ದು, ರುಚಿ ರಾಗಿಯದ್ದು, ಅದಕ್ಕೇ ರಾಗಿಯೇ ಕಳ್ಳ ಎಂದು ತೀರ್ಮಾನ ಆಗಿತ್ತು.

ಈ ಭಯ ನನಗೆ ಅರ್ಥವಾಗುತ್ತದೆ. ಮಗು ಕಣ್ಣೆದುರು ಮಂಕಾದದ್ದನ್ನು ನೋಡಿದ ತಾಯಿಗೆ ಯಾವ ಊಟವೂ ಸುಮ್ನೆ ಊಟ ಅಲ್ಲ. ಆದರೆ ಎಂಟು ತಿಂಗಳ ಮಗು ವಾರಗಟ್ಟಲೆ ಬರೀ ಗಂಜಿಯ ಮೇಲೆ ಇದ್ದರೆ ತೂಕ ನಿಲ್ಲುತ್ತದೆ, ಕಬ್ಬಿಣದ ಅಂಶ ಕಮ್ಮಿಯಾಗುತ್ತದೆ. ಎದೆಹಾಲು ಕೊಡುವ ತಾಯಿ ಅನ್ನ ಸಾರಿನ ಮೇಲೆ ಇದ್ದರೆ ಅವರ ಮೈ ಸೋಲುತ್ತದೆ.

ಭೇಟಿಯ ದಿನದವರೆಗೆ ಏನು ಕೊಡಬಹುದು ಎಂದು ಊರಿನ ಮಕ್ಕಳ ಡಾಕ್ಟರನ್ನು ಕೇಳಿ ಒಂದು ಸರಳ ಒಪ್ಪಂದಕ್ಕೆ ಬಂದೆವು. ಆ ಬೆಳಗಿನ ಬಟ್ಟಲಲ್ಲಿ ಇದ್ದದ್ದು ಮಗುವಿಗೆ ಬೇಡ. ಅದರಲ್ಲಿ ಇಲ್ಲದೆ, ಮುಂಚೆ ತಿಂದು ಆರಾಮಾಗಿದ್ದ ಎಲ್ಲವನ್ನೂ ಮತ್ತೆ ಕೊಡುವುದು. ಮೊಸರು ಬಂತು, ಬಾಳೆಹಣ್ಣು ಬಂತು, ತೊಗರಿಬೇಳೆ ಕಟ್ಟು, ಕುಂಬಳಕಾಯಿ, ಕ್ಯಾರೆಟ್ಟು, ತುಪ್ಪ ಬಂದವು. ಇನ್ನು ತಾಯಿ. ಮಗುವಿಗೆ ಬರೀ ಎದೆಹಾಲಿನಿಂದ ಯಾವತ್ತೂ ಏನೂ ಆಗಿರಲಿಲ್ಲ. ಹಿಂದೆ ಅವರು ಎಲ್ಲವನ್ನೂ ತಿನ್ನುತ್ತಿದ್ದರು. ಹಾಗಿದ್ದ ಮೇಲೆ ಅವರು ಪಥ್ಯ ಮಾಡುವುದಕ್ಕೆ ಕಾರಣವೇ ಇರಲಿಲ್ಲ. ಮರುದಿನ ಮುದ್ದೆ ಉಂಡೆ ಎಂದು ಫೋನ್ ಮಾಡಿ ಹೇಳಿದರು. ಆ ದನಿಯಲ್ಲಿ ಇದ್ದ ನಿರಾಳ ನನಗೆ ಈಗಲೂ ನೆನಪಿದೆ.

ನಡುವೆ ಹಸುವಿನ ಹಾಲು ಬೇಡ, ಮೇಕೆ ಹಾಲು ಕೊಡಿ ಎಂದು ಒಬ್ಬರು, ಕತ್ತೆ ಹಾಲು ಕುಡಿಸಿದರೆ ಅಲರ್ಜಿ ಹೋಗುತ್ತದೆ ಎಂದು ಇನ್ನೊಬ್ಬರು. ಈ ಮಗುವಿಗೆ ಹಸುವಿನ ಹಾಲಿನ ತೊಂದರೆಯೇ ಇರಲಿಲ್ಲ, ಮೊಸರು ತಿನ್ನುತ್ತಿತ್ತು. ಆದರೂ ಬೇರೆ ಮನೆಗಳಿಗಾಗಿ ಹೇಳುತ್ತೇನೆ. ಹಸುವಿನ ಹಾಲಿನ ಅಲರ್ಜಿ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಮೇಕೆ ಹಾಲೂ ಎಮ್ಮೆ ಹಾಲೂ ಆಗುವುದಿಲ್ಲ. ಪ್ರೋಟೀನು ಅಷ್ಟು ಹತ್ತಿರ ಹತ್ತಿರ ಇರುತ್ತದೆ. ಬೀದಿಯಲ್ಲಿ ಕರೆದು ಹಸಿಯಾಗಿ ಕುಡಿಸುವ ಕತ್ತೆ ಹಾಲಿನಿಂದ ಸೋಂಕು ತಗುಲಬಹುದು.

ಅಜ್ಜಿಯ ಜೊತೆ ಕೂತ ಮಧ್ಯಾಹ್ನ

ನನ್ನ ಮೊದಲ ಪ್ರಶ್ನೆ ಇದಾಗಿತ್ತು: ಮಾಲ್ಟ್ ಪುಡಿಯಲ್ಲಿ ಏನೇನಿತ್ತು? ತಾಯಿ ಹೇಳಿದ್ದು, 'ರಾಗಿ, ಕಾಳು, ಸ್ವಲ್ಪ ಡ್ರೈ ಫ್ರೂಟ್ಸ್.' ಅಪ್ಪನಿಗೆ ಅಷ್ಟೂ ಗೊತ್ತಿರಲಿಲ್ಲ. ಪುಡಿ ಮಾಡಿದವರು ಅಜ್ಜಿ. ಅವರನ್ನು ಆ ತನಕ ಯಾರೂ ಕೂರಿಸಿಕೊಂಡು ಕೇಳಿರಲಿಲ್ಲ. ಯಾರೂ ಬಾಯಿಬಿಟ್ಟು ತಪ್ಪು ಹೊರಿಸಿರಲಿಲ್ಲ, ನಿಜ. ಆದರೆ ಅವರೇ ತಪ್ಪು ಹೊತ್ತುಕೊಂಡು ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದರು.

ಒಂದು ಮಧ್ಯಾಹ್ನ ಅಜ್ಜಿಯ ಜೊತೆ ಕೂತೆ. ಮೊದಲೇ ಹೇಳಿದೆ: ಅಮ್ಮ, ಮೊಮ್ಮಗನಿಗೆ ಒಳ್ಳೆಯದಾಗಲಿ ಎಂದು ನೀವು ಮಾಡಿದ್ದೀರಿ, ಈಗ ಡಾಕ್ಟರಿಗೆ ನಿಮ್ಮ ಸಹಾಯ ಬೇಕು. ಅವರು ಬೆರಳು ಮಡಿಸುತ್ತಾ ಒಂದೊಂದೇ ಹೇಳಿದರು. ಮೊಳಕೆ ಕಟ್ಟಿ ಒಣಗಿಸಿದ ರಾಗಿ, ಅಕ್ಕಿ, ಗೋಧಿ, ಹೆಸರುಕಾಳು, ಹುರಿಗಡಲೆ, ಬಾದಾಮಿ, ಕಡಲೆಬೀಜ, ಗೋಡಂಬಿ, ಏಲಕ್ಕಿ. ಒಟ್ಟು ಒಂಬತ್ತು.

ಆಮೇಲೆ ಒಂದೊಂದನ್ನೂ ಹಿಡಿದು ಕೇಳಿದೆ. ಇದನ್ನು ಮಗು ಮುಂಚೆ ತಿಂದಿತ್ತಾ? ಆ ದಿನದ ನಂತರ ತಿಂದಿದೆಯಾ? ಅಕ್ಕಿ ದಿನಾ ತಿನ್ನುತ್ತದೆ. ಹೆಸರುಬೇಳೆ ಕಟ್ಟನ್ನು ಆರು ತಿಂಗಳು ತುಂಬಿದಾಗಿನಿಂದಲೇ ಕೊಟ್ಟಿದ್ದರು. ಗೋಧಿಯ ಮಾತು ಬಂದಾಗ ತಾತ ನಿಧಾನವಾಗಿ ಬಾಯಿಬಿಟ್ಟರು. ಮೊನ್ನೆ ಬಿಸ್ಕತ್ತನ್ನು ಹಾಲಲ್ಲಿ ಅದ್ದಿ ಕೊಟ್ಟಿದ್ದರಂತೆ, ಮಗು ಆರಾಮಾಗಿತ್ತು. ಸೊಸೆಗೆ ಹೇಳಿರಲಿಲ್ಲ. ಹಾಗೆ ಕದ್ದು ಕೊಡುವುದು ಸರಿಯಲ್ಲ, ಅದನ್ನು ಅವರಿಗೂ ಹೇಳಿದೆ. ಆದರೆ ಆ ಒಂದು ಮಾತಿನಿಂದ ಗೋಧಿ ಮೇಲಿನ ಅನುಮಾನ ಹೆಚ್ಚುಕಮ್ಮಿ ಹೋಯಿತು.

ರಾಗಿಗೆ ಬಂದಾಗ ಅಜ್ಜಿ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, 'ಒಂದು ವಾರ ಆದ ಮೇಲೆ ಬರೀ ರಾಗಿ ಸರಿ ಎರಡು ಚಮಚ ತಿನ್ನಿಸಿದೆ ಕಣಮ್ಮ. ಮಗು ಹಸ್ಕೊಂಡು ಅಳ್ತಿತ್ತು. ಏನೂ ಆಗಲಿಲ್ಲ. ಇವರಿಗೆ ಹೇಳಕ್ಕೆ ಹೆದರಿಕೆ ಆಯ್ತು' ಎಂದರು. ಸೊಸೆಯ ಮುಖ ಒಂದು ಕ್ಷಣ ಬಿಗಿಯಿತು. ಆಮೇಲೆ ಅತ್ತೆಯ ಕೈ ಹಿಡಿದುಕೊಂಡರು.

ಕೊನೆಯ ಸುಳಿವೂ ಅಜ್ಜಿಯದೇ. ಇದು ಎರಡನೇ ಡಬ್ಬಿಯಂತೆ. ಮೊದಲ ಡಬ್ಬಿಯ ಪುಡಿಯನ್ನು ಮಗು ಮೂರು ವಾರ ತಿಂದು ಖಾಲಿ ಮಾಡಿತ್ತು. ಅದರಲ್ಲಿ ಬಾದಾಮಿ, ಹುರಿಗಡಲೆ, ಏಲಕ್ಕಿ ಎಲ್ಲ ಇತ್ತು, ಕಡಲೆಬೀಜ ಮತ್ತು ಗೋಡಂಬಿ ಇರಲಿಲ್ಲ. ಮಂಗಳೂರಿನಲ್ಲಿರುವ ಮಗಳು ಒಳ್ಳೆಯ ಗೋಡಂಬಿ ತಂದುಕೊಟ್ಟಿದ್ದರಿಂದ ಈ ಸಲ ಒಂದು ಹಿಡಿ ಹಾಕಿದ್ದರು. ಕಡಲೆಬೀಜವೂ ಈ ಸಲವೇ ಹೊಸದು. ಅಂದರೆ ಒಂಬತ್ತರಲ್ಲಿ ಏಳು ಪಕ್ಕಕ್ಕೆ ಹೋದವು. ಉಳಿದದ್ದು ಎರಡು. ಇದಕ್ಕೆ ಯಾವ ರಕ್ತ ಪರೀಕ್ಷೆಯೂ ಬೇಕಾಗಲಿಲ್ಲ.

ನಮ್ಮ ಕಡೆಯ ಮಾಲ್ಟ್ ಪುಡಿ ಒಳ್ಳೆಯ ಆಹಾರವೇ. ನನ್ನ ಅಭಿಪ್ರಾಯ ಇಷ್ಟೇ: ಹನ್ನೆರಡು ಪದಾರ್ಥ ಸೇರಿದ ಪುಡಿಯಲ್ಲಿ ಮಗು ಒಂದನ್ನು ಮೊದಲ ಸಲ ತಿನ್ನಬಾರದು. ಹೊಸದನ್ನು ಬೇರೆಯಾಗಿ, ಸ್ವಲ್ಪವೇ, ಬೆಳಗ್ಗೆ ಹೊತ್ತು, ಮಗು ಹುಷಾರಾಗಿರುವ ದಿನ ಕೊಟ್ಟು ನೋಡಿ. ಒಗ್ಗಿದ ಮೇಲೆ ಪುಡಿಗೆ ಸೇರಿಸಿ.

ಪರೀಕ್ಷೆ ಮುಂಚೆಯೇ ಮಾಡಿಸಿಬಿಡೋಣವಾ?

ಅಪ್ಪ ಕೇಳಿದ ಪ್ರಶ್ನೆ ಇದು. ಪೇಟೆಯ ಒಂದು ಲ್ಯಾಬಿನವರು ಒಂದೇ ರಕ್ತದಲ್ಲಿ ಹತ್ತಾರು ಆಹಾರದ ಅಲರ್ಜಿ ನೋಡುವ ಪ್ಯಾಕೇಜು ಇದೆ ಎಂದಿದ್ದರು. ರಿಪೋರ್ಟ್ ಕೈಯಲ್ಲಿ ಇದ್ದರೆ ಬೆಂಗಳೂರಿನಲ್ಲಿ ಕೆಲಸ ಬೇಗ ಆಗುತ್ತೆ ಅಲ್ವಾ ಎಂದು ಅವರ ಲೆಕ್ಕ.

ಬೇಡ ಎಂದೆ. ರಕ್ತದ ಐಜಿಇ (ಅಲರ್ಜಿಯಲ್ಲಿ ಕೆಲಸ ಮಾಡುವ ಪ್ರತಿಕಾಯ) ಪರೀಕ್ಷೆಯಾಗಲಿ ಚರ್ಮದ ಪರೀಕ್ಷೆಯಾಗಲಿ, ಪಾಸಿಟಿವ್ ಬಂದರೆ ಮೈ ಆ ಪದಾರ್ಥವನ್ನು ಗುರುತಿಸಿ ಇಟ್ಟುಕೊಂಡಿದೆ ಎಂದಷ್ಟೇ ಅರ್ಥ. ತಿಂದರೆ ತೊಂದರೆ ಆಗುತ್ತದೆ ಎಂದಲ್ಲ. ಎಕ್ಸಿಮಾ ಇರುವ ಮಕ್ಕಳಲ್ಲಿ ಆರಾಮಾಗಿ ತಿನ್ನುತ್ತಿರುವ ಆಹಾರಕ್ಕೂ ಪಾಸಿಟಿವ್ ಬರುವುದು ಮಾಮೂಲು. ಆ ಪಟ್ಟಿ ನೋಡಿ ಹೆದರಿದ ಮನೆಯವರು ಹಾಲು, ಗೋಧಿ, ಬೇಳೆ ಎಲ್ಲ ನಿಲ್ಲಿಸುತ್ತಾರೆ. ಇನ್ನೊಂದು, ಐಜಿಜಿ ಎಂಬ ಬೇರೆ ಪ್ರತಿಕಾಯದ ಪರೀಕ್ಷೆ ಇದೆ, 'ಫುಡ್ ಇನ್‌ಟಾಲರೆನ್ಸ್' ಎಂಬ ಹೆಸರಿನಲ್ಲಿ ಮಾರುತ್ತಾರೆ. ಅಲರ್ಜಿ ಪತ್ತೆಗೆ ಅದನ್ನು ಬಳಸಬೇಡಿ ಎಂದು ಅಮೆರಿಕ ಮತ್ತು ಯುರೋಪಿನ ಅಲರ್ಜಿ ವೈದ್ಯರ ಸಂಘಗಳು ಸ್ಪಷ್ಟವಾಗಿ ಹೇಳಿವೆ. ಆ ದುಡ್ಡು ಬೆಂಗಳೂರಿನ ಓಡಾಟಕ್ಕೆ ಇರಲಿ ಎಂದೆ. ಅಪ್ಪ ಒಪ್ಪಿದರು.

ಅದರ ಬದಲು ಅಪ್ಪನಿಗೆ ಬೇರೆ ಕೆಲಸ ಇತ್ತು. ಆ ದಿನ ಕ್ಲಿನಿಕ್ಕಿನಲ್ಲಿ ಕೊಟ್ಟ ಇಂಜೆಕ್ಷನ್ ಯಾವುದು ಎಂದು ಚೀಟಿಯಲ್ಲಿ ಬರೆದಿರಲಿಲ್ಲ. ಅಲರ್ಜಿ ಡಾಕ್ಟರು ಇದನ್ನು ಕೇಳಿಯೇ ಕೇಳುತ್ತಾರೆ. ಅಪ್ಪ ಮತ್ತೆ ಹೋಗಿ ವಿನಯವಾಗಿ ಕೇಳಿ ಬರೆಸಿಕೊಂಡು ಬಂದರು. ಅವಿಲ್ ಎಂಬ ಅಲರ್ಜಿ ಮದ್ದು ಮತ್ತು ಒಂದು ಸ್ಟೀರಾಯ್ಡ್. ಅಡ್ರಿನಾಲಿನ್ ಕೊಟ್ಟಿರಲಿಲ್ಲ.

ಮತ್ತೆ ಆದರೆ?

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಭೇಟಿಗೆ ಇನ್ನೂ ದಿನಗಳಿದ್ದವು. ಮಗುವಿಗೆ ಆದದ್ದು ಬರೀ ಗಂಧೆ ಅಲ್ಲ. ಚರ್ಮದ ಜೊತೆಗೆ ಜೋರು ವಾಂತಿ, ಮಂಕು. ಹೀಗೆ ಚರ್ಮದ ಜೊತೆ ಉಸಿರು, ಹೊಟ್ಟೆ ಅಥವಾ ರಕ್ತದೊತ್ತಡ ಸೇರಿಕೊಂಡರೆ ಅದನ್ನು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯವಾಗಬಲ್ಲ ಅಲರ್ಜಿ ಎಂದು ನೋಡಬೇಕಾಗುತ್ತದೆ. ಅದಕ್ಕೆ ಮೊದಲ ಮದ್ದು ಅಡ್ರಿನಾಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ. ಸೆಟ್ರಿಜಿನ್‌ನಂಥ ಅಲರ್ಜಿ ಸಿರಪ್ ತುರಿಕೆ ಇಳಿಸುತ್ತದೆ, ಉಸಿರು ಕಟ್ಟುವುದನ್ನು ನಿಲ್ಲಿಸುವುದಿಲ್ಲ. ಸಿರಪ್ ಕುಡಿಸಿ ಮನೆಯಲ್ಲಿ ಕಾಯುವುದು ಅಪಾಯ.

ಅಡ್ರಿನಾಲಿನ್ ಪ್ರಮಾಣ ತೂಕದ ಮೇಲೆ, ಕಿಲೋಗೆ 0.01 ಮಿಲಿಗ್ರಾಂ. ಈ ಮಗು 8 ಕಿಲೋ, ಅಂದರೆ 0.08 ಮಿಲಿಗ್ರಾಂ. ಲೆಕ್ಕ ಹಾಕುವುದು ಡಾಕ್ಟರ ಕೆಲಸ. ನಮ್ಮ ಕೆಲಸ ಈಚಿನ ತೂಕ ಸರಿಯಾಗಿ ಗೊತ್ತಿರುವಂತೆ ನೋಡಿಕೊಳ್ಳುವುದು. ಹೊರದೇಶಗಳಲ್ಲಿ ಮನೆಯವರೇ ಒತ್ತಿ ಕೊಡುವ ಪೆನ್ನಿನ ಥರದ ಇಂಜೆಕ್ಷನ್ ಇದೆ. ನಮ್ಮಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಅದಕ್ಕಾಗಿ ಎಷ್ಟು ಹೊತ್ತಿಗೂ ಅಡ್ರಿನಾಲಿನ್ ಕೊಡಬಲ್ಲ ಹತ್ತಿರದ ಆಸ್ಪತ್ರೆ ಯಾವುದು ಎಂದು ಅಪ್ಪ ಮೊದಲೇ ವಿಚಾರಿಸಿ ಇಟ್ಟುಕೊಂಡರು. ಲಸಿಕೆ ಹಾಕುವ ಕಡೆ ತುರ್ತಿಗೆ ಇಟ್ಟುಕೊಳ್ಳುವ ಔಷಧವೇ ಇದು, ದುಬಾರಿ ಏನಲ್ಲ.

ಒಂದು ಕಾಗದ ಅಡುಗೆಮನೆಯ ಗೋಡೆಗೆ ಅಂಟಿಸಿದರು. ನಾಲಿಗೆ ಊತ, ದನಿ ಗೊಗ್ಗರಾಗುವುದು, ಬಿಡದ ಕೆಮ್ಮು, ಸುಯ್ ಎನ್ನುವ ಉಸಿರು, ಮೇಲಿಂದ ಮೇಲೆ ವಾಂತಿ, ಮೈ ಬಿಳಿಚಿಕೊಳ್ಳುವುದು, ಮಗು ಜೋತುಬೀಳುವುದು. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ, ಇಲ್ಲವೇ ಇರುವ ಗಾಡಿಯಲ್ಲಿ ಹೊರಡಿ. ಮಗುವನ್ನು ಹೆಗಲ ಮೇಲೆ ನೆಟ್ಟಗೆ ಹಿಡಿಯದೆ ತೋಳಲ್ಲಿ ಅಡ್ಡ ಮಲಗಿಸಿಕೊಳ್ಳಿ. ಉಸಿರಾಟಕ್ಕೆ ಕಷ್ಟವಿದ್ದರೆ ಮಾತ್ರ ಒರಗಿಸಿ ಕೂರಿಸಿಕೊಳ್ಳಿ. ದೃಷ್ಟಿ ತೆಗೆಯುವುದು ಮನೆಯವರ ನಂಬಿಕೆ, ಅದಕ್ಕೆ ನಾನು ಏನೂ ಹೇಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ತೆಗೆಯಿರಿ ಎಂದೆ, ಅಜ್ಜಿ ತಲೆಯಾಡಿಸಿದರು.

ಚೀಲದೊಳಗೆ ಏನು ಹೋಯಿತು

ಎಲ್ಲಕ್ಕಿಂತ ಮೊದಲು ಒಂದೇ ಪುಟದ ಬರಹ. ತಾಯಿ ಮೊದಲು ಬರೆದದ್ದು ನಾಲ್ಕು ಪುಟ ಇತ್ತು, ಗರ್ಭಿಣಿಯಾಗಿದ್ದಾಗಿನಿಂದ ಶುರುವಾಗಿತ್ತು. ಅದನ್ನು ಕೂತು ಇಳಿಸಿದೆವು. ಕೊನೆಗೆ ಉಳಿದದ್ದು ಹೀಗಿತ್ತು: ಯಾವ ದಿನ, ಎಷ್ಟು ಗಂಟೆಗೆ, ಏನು, ಎಷ್ಟು ಚಮಚ. ಎಷ್ಟು ನಿಮಿಷಕ್ಕೆ ಮೊದಲ ಕೆಂಪು, ಎಷ್ಟಕ್ಕೆ ಗಂಧೆ, ಎಷ್ಟಕ್ಕೆ ವಾಂತಿ. ಏನು ಔಷಧ, ಎಷ್ಟು ಹೊತ್ತಿಗೆ ಸರಿಹೋಯಿತು. ಆ ದಿನ ಜ್ವರ ಇತ್ತಾ, ಹೊಸ ಮಾತ್ರೆ ಸಿರಪ್ ಏನಾದರೂ ಕೊಟ್ಟಿದ್ದರಾ. ಕೆಳಗೆ ಅಜ್ಜಿ ಹೇಳಿದ ಒಂಬತ್ತು ಪದಾರ್ಥ. ಪ್ರತಿಯೊಂದರ ಮುಂದೆ 'ಮುಂಚೆ ತಿಂದಿದೆ', 'ಆಮೇಲೂ ತಿಂದಿದೆ' ಅಥವಾ 'ಮೊದಲ ಸಲ'.

ನಿಮಿಷದ ಲೆಕ್ಕಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಗಂಧೆ, ಊತ, ವಾಂತಿ ಬಂದರೆ ಅದು ಒಂದು ಬಗೆಯ ಅಲರ್ಜಿ, ಚರ್ಮದ ಪರೀಕ್ಷೆಯಲ್ಲಿ ಸಿಕ್ಕಿಬೀಳುವಂಥದ್ದು. ಗಂಟೆಗಟ್ಟಲೆ, ದಿನಗಟ್ಟಲೆ ಬಿಟ್ಟು ಮಲದಲ್ಲಿ ರಕ್ತ, ಭೇದಿ ಕಂಡರೆ ಅದು ಬೇರೆ ಬಗೆ. ಅದಕ್ಕೆ ಈ ಪರೀಕ್ಷೆ ಉತ್ತರ ಕೊಡುವುದಿಲ್ಲ. ಡಾಕ್ಟರು ಯಾವ ದಾರಿ ಹಿಡಿಯಬೇಕು ಎಂಬುದು ಬಹಳ ಮಟ್ಟಿಗೆ ಆ ನಿಮಿಷಗಳ ಮೇಲೆ ನಿಂತಿರುತ್ತದೆ. ಅಪ್ಪನ ಫೋನಿನಲ್ಲಿ ಆ ದಿನ ತೆಗೆದ ಫೋಟೋ ಇದ್ದವು. ಕ್ಲಿನಿಕ್ಕಿಗೆ ಫೋನ್ ಮಾಡಿದ ಹೊತ್ತೂ ದಾಖಲಾಗಿತ್ತು. ಎರಡನ್ನೂ ಸೇರಿಸಿ ನೋಡಿದರೆ ತಿಂದು ಗಂಧೆ ಏಳುವ ನಡುವೆ ಹನ್ನೆರಡು ನಿಮಿಷ.

ಮಾಲ್ಟ್ ಪುಡಿಯ ಡಬ್ಬಿಯನ್ನು ಎಸೆಯಲು ಹೊರಟಿದ್ದರು, ತಡೆದೆ. ಗಟ್ಟಿಯಾಗಿ ಮುಚ್ಚಿ, ಕವರಿನಲ್ಲಿ ಸುತ್ತಿ, ಅಡುಗೆಮನೆಯಿಂದ ದೂರ ಇಟ್ಟು ಆಸ್ಪತ್ರೆಗೆ ತರಲು ಹೇಳಿದೆ. ಕೆಲವು ಸಲ ಡಾಕ್ಟರು ಮನೆಯ ಆಹಾರದಿಂದಲೇ ನೇರವಾಗಿ ಪರೀಕ್ಷೆ ಮಾಡುತ್ತಾರೆ. ಬಿಸ್ಕತ್ತಿನ ಪೊಟ್ಟಣ, ಮುಲಾಮಿನ ಟ್ಯೂಬು, ಸಿರಪ್ ಬಾಟಲಿ, ಹಳೆಯ ಚೀಟಿಗಳೂ ಚೀಲಕ್ಕೆ ಹೋದವು. ತಾಯಿ ಕಾರ್ಡ್ ಮರೆಯಬೇಡಿ ಎಂದೆ. ಲಸಿಕೆ, ತೂಕ ಎಲ್ಲ ಅದರಲ್ಲೇ ಇದೆ.

ಲಸಿಕೆ ಎಂದಾಗ ಇನ್ನೊಂದು ಭಯ ಎದ್ದಿತು. ಒಂಬತ್ತು ತಿಂಗಳಿಗೆ ದಡಾರ ರುಬೆಲ್ಲಾ ಲಸಿಕೆ ಬರುತ್ತದೆ. ಅಲರ್ಜಿ ಮಗುವಿಗೆ ಹಾಕಿಸಬೇಡಿ ಎಂದು ಯಾರೋ ಹೇಳಿದ್ದರು. ಆಹಾರದ ಅಲರ್ಜಿ ಇದೆ ಎಂದು ಈ ಲಸಿಕೆ ತಪ್ಪಿಸುವುದು ಬೇಡ. ಮೊಟ್ಟೆ ಅಲರ್ಜಿ ಇರುವ ಮಕ್ಕಳಿಗೂ ದಡಾರದ ಲಸಿಕೆ ಹಾಕುತ್ತಾರೆ. ಹಾಕುವವರಿಗೆ ಮೊದಲೇ ವಿಷಯ ಹೇಳಿ, ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತರೆ ಸಾಕು.

ಸಿರಪ್ ವಿಷಯವನ್ನು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಸಿದೆ. ಸೆಟ್ರಿಜಿನ್ ಕೊಟ್ಟಿದ್ದರೆ ಚರ್ಮದ ಪರೀಕ್ಷೆ ಸುಳ್ಳೇ ನೆಗೆಟಿವ್ ಬರಬಹುದು. ಒಂದು ವಾರ ಮೊದಲೇ ನಿಲ್ಲಿಸಿ ಎಂದರು. ಇಲ್ಲಿ ಎಷ್ಟೋ ಜನ ಎಡವುವುದು ನೆಗಡಿ ಸಿರಪ್ಪಿನಲ್ಲಿ. ಅದರಲ್ಲೂ ಅದೇ ಜಾತಿಯ ಔಷಧ ಇರುತ್ತದೆ, ಹೆಸರು ಬೇರೆ ಅಷ್ಟೇ. ಹಾಗೆಂದು ನಡುವೆ ಮತ್ತೆ ಗಂಧೆ ಎದ್ದರೆ ಪರೀಕ್ಷೆಯ ನೆಪದಲ್ಲಿ ಮಗುವಿನ ಔಷಧ ತಡೆಯಬಾರದು. ಪರೀಕ್ಷೆ ಇನ್ನೊಂದು ದಿನ ಆಗುತ್ತದೆ. ಹೋಗುವ ದಿನ ಬೆನ್ನಿಗೂ ಕೈಗೂ ಎಣ್ಣೆ, ಕ್ರೀಮು ಬೇಡ. ಮುಖದ ಮುಲಾಮು ಹಚ್ಚಬಹುದು.

ಉಳಿದವು ಬೇಗ ಮುಗಿದವು. ಎರಡು ಜೊತೆ ಬಟ್ಟೆ, ಮಗು ತಿನ್ನುವ ಊಟ, ಒಂದು ಗಲಗಲ ಆಟಿಕೆ. ರೈಲು ಬೆಳಗಿನದು.

ಯಾರು ಹೋಗಬೇಕು ಎಂಬುದರ ಬಗ್ಗೆ ಮಾತ್ರ ಚರ್ಚೆ ಆಯಿತು. ಅಪ್ಪ ಅಮ್ಮ ಇಬ್ಬರೇ ಹೋಗುವುದು ಎಂದಿತ್ತು. ಅಜ್ಜಿಯೂ ಹೋಗಲಿ ಎಂದು ನಾನು ಪಟ್ಟು ಹಿಡಿದೆ. ವಯಸ್ಸಾದವರಿಗೆ ಪ್ರಯಾಣ ಯಾಕೆ ಎಂದು ಮಗ. ಅಜ್ಜಿಗೆ ಹೋಗುವ ಆಸೆ ಇತ್ತು, ಹೇಳಿರಲಿಲ್ಲ. ನನ್ನ ಕಾರಣ ಸರಳ. ಮನೆಯಲ್ಲಿ ಮುಂದೆಯೂ ಅಡುಗೆ ಮಾಡುವವರು ಅವರೇ. ಡಾಕ್ಟರು ಹೇಳಿದ್ದನ್ನು ಅವರು ನೇರವಾಗಿ ಕೇಳಿದರೆ ಒಂದು ಲೆಕ್ಕ, ಸೊಸೆಯ ಬಾಯಲ್ಲಿ ಕೇಳಿದರೆ ಇನ್ನೊಂದು ಲೆಕ್ಕ. ಜೊತೆಗೆ ಒಬ್ಬರು ಮಗು ಹಿಡಿಯಬೇಕು, ಒಬ್ಬರು ಕೇಳಿ ಬರೆದುಕೊಳ್ಳಬೇಕು.

ಆ ದಿನ ನಡೆದದ್ದು

ಡಾಕ್ಟರು ಪರೀಕ್ಷೆಗೆ ಮುಂಚೆ ಬಹಳ ಹೊತ್ತು ಮಾತಾಡಿದರಂತೆ. ಬರೆದ ಪುಟ ಓದಿದರು, ಫೋಟೋ ನೋಡಿದರು. ಆಮೇಲೆ ಪುಡಿಯ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವರು ಅಜ್ಜಿ. ಗೋಡಂಬಿ ಹುರಿದಿದ್ದಿರಾ, ಹಸಿಯಾ? ಎಷ್ಟು ಪುಡಿಗೆ ಎಷ್ಟು? ಎಲ್ಲಿ ಬೀಸಿಸಿದ್ದು? ಗಿರಣಿಯಲ್ಲಿ, ತಮಗಿಂತ ಮುಂಚೆ ಯಾರೋ ಎಳ್ಳು ಬೀಸಿಸಿದ್ದರು ಎಂಬುದೂ ಅವರಿಗೆ ನೆನಪಿತ್ತು. ಆ ಮಾತಿನಿಂದ ಪರೀಕ್ಷೆಯ ಪಟ್ಟಿಗೆ ಎಳ್ಳೂ ಸೇರಿತು.

ಮಗುವಿನ ಬೆನ್ನ ಮೇಲೆ ಹನಿಗಳನ್ನು ಇಟ್ಟು ಸಣ್ಣ ಮೊನೆಯಿಂದ ಒಂದೊಂದು ಸಲ ಮೆಲ್ಲಗೆ ಚುಚ್ಚಿದರು. ಗೋಡಂಬಿ, ಪಿಸ್ತಾ, ಕಡಲೆಬೀಜ, ಬಾದಾಮಿ, ಎಳ್ಳು. ಜೊತೆಗೆ ಹೋಲಿಕೆಗೆ, ಗುಳ್ಳೆ ಏಳಿಸಲೇಬೇಕಾದ ಹಿಸ್ಟಮಿನ್ ಒಂದು, ಏಳಿಸಬಾರದ ಬರೀ ಉಪ್ಪುನೀರು ಒಂದು. ಹದಿನೈದು ನಿಮಿಷ ಕಾದರು. ಮಗು ಅತ್ತದ್ದು ಚುಚ್ಚಿದ್ದಕ್ಕಲ್ಲ, ಬೋರಲು ಹಿಡಿದಿದ್ದಕ್ಕೆ ಎಂದು ತಾಯಿ ಹೇಳಿದರು. ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಗುಳ್ಳೆ ಎದ್ದರೆ ಪಾಸಿಟಿವ್ ಎಂದು ಲೆಕ್ಕ. ಗೋಡಂಬಿ 7, ಪಿಸ್ತಾ 4. ಉಳಿದವು ಏನೂ ಇಲ್ಲ.

ನಡೆದ ಸಂಗತಿ ಮತ್ತು ಪರೀಕ್ಷೆ ಎರಡೂ ಒಂದೇ ಕಡೆ ಬೆರಳು ತೋರಿಸಿದ್ದರಿಂದ ಗೋಡಂಬಿ ಅಲರ್ಜಿ ಎಂದು ಡಾಕ್ಟರು ಹೇಳಿದರು. ಪಿಸ್ತಾ ಮತ್ತು ಗೋಡಂಬಿ ಒಂದೇ ಸಸ್ಯ ಕುಟುಂಬದ ಗಿಡಗಳು, ಪ್ರೋಟೀನು ಬಹಳ ಹತ್ತಿರ. ಅದಕ್ಕೆ ಎರಡೂ ಬೇಡ. ರಾಗಿ, ಗೋಧಿ, ಕಾಳು, ಹಾಲು ಎಲ್ಲವೂ ಕೊಡಿ ಎಂದರು. ಬಾದಾಮಿ ನಿಲ್ಲಿಸಬೇಡಿ, ಪುಡಿ ಮಾಡಿ ಮುಂದುವರಿಸಿ ಎಂದರು.

ಕಡಲೆಬೀಜದ ಬಗ್ಗೆ ತಾಯಿ ಒಂದು ವರ್ಷ ತುಂಬುವ ತನಕ ಕಾಯೋಣವಾ ಎಂದು ಕೇಳಿದರು. ಡಾಕ್ಟರು ಒಪ್ಪಲಿಲ್ಲ. ಈ ಪ್ರಶ್ನೆ ಯಾಕೆ ಬರುತ್ತದೆ ಎಂದು ನನಗೆ ಗೊತ್ತು. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಅಲರ್ಜಿಯ ಅಪಾಯ ಇರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಬೀಜ ಬೇಡ ಎಂದಿತ್ತು. 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನಲ್ಲಿ ಜೋರು ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳ ಮೇಲೆ ನಡೆದ ಅಧ್ಯಯನದ ಫಲ ಬಂತು. ಐದು ವರ್ಷದ ತನಕ ಕಡಲೆಬೀಜ ದೂರ ಇಟ್ಟವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಅದರ ಅಲರ್ಜಿ ಬಂದಿತ್ತು. ಮೊದಲಿನಿಂದ ತಿಂದವರಲ್ಲಿ ಸುಮಾರು 3. ಹಳೆಯ ಸಲಹೆ ಮಾತ್ರ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಆದರೆ ಈ ಮಗುವಿಗೆ ಒಮ್ಮೆ ಜೋರಾಗಿ ಆಗಿದ್ದರಿಂದ, ಕಡಲೆಬೀಜವೂ ಅದೇ ಬಟ್ಟಲಲ್ಲಿ ಇದ್ದದ್ದರಿಂದ, ಮೊದಲ ಸಲ ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಲ್ಪ ಕೊಟ್ಟು ನೋಡಲು ದಿನ ಗೊತ್ತು ಮಾಡಿದರು.

ಅಡ್ರಿನಾಲಿನ್ ಬಗ್ಗೆ ತಾಯಿ ಬರೆದುಕೊಂಡು ಹೋಗಿದ್ದ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತು. ತೂಕಕ್ಕೆ ತಕ್ಕ ಪ್ರಮಾಣ ಬರೆದುಕೊಟ್ಟು, ಆಂಪೂಲಿನಿಂದ (ಔಷಧದ ಪುಟ್ಟ ಗಾಜಿನ ಸೀಸೆ) ಸಣ್ಣ ಸಿರಿಂಜಿಗೆ ಎಳೆಯುವುದನ್ನು ಅಪ್ಪನಿಗೂ ಅಮ್ಮನಿಗೂ ನರ್ಸ್ ಮಾಡಿ ತೋರಿಸಿದರು, ಅವರ ಕೈಯಲ್ಲಿ ನೀರಿನಿಂದ ಮಾಡಿಸಿದರು. ಈ ಪ್ರಶ್ನೆಯನ್ನು ಕೇಳದೆ ಯಾರೂ ಎದ್ದು ಬರಬೇಡಿ ಎಂದು ನನ್ನ ಕಳಕಳಿಯ ವಿನಂತಿ. ಎಕ್ಸಿಮಾಕ್ಕೂ ಹೊಸ ಮುಲಾಮು ಕೊಟ್ಟರು. ಒಡೆದ ಚರ್ಮದ ಮೂಲಕ ಆಹಾರದ ಕಣ ಒಳಹೋದರೆ ಅಲರ್ಜಿ ಹುಟ್ಟುವ ಸಾಧ್ಯತೆ ಹೆಚ್ಚು. ಅದಕ್ಕೆ ಕಡಲೆಕಾಯಿ ಎಣ್ಣೆ, ಬಾದಾಮಿ ಎಣ್ಣೆ ತಿಕ್ಕಿ ಸ್ನಾನ ಮಾಡಿಸುವುದು ಬೇಡ ಎಂದರು.

ಬಂದ ಮೇಲೆ

ಗೋಡಂಬಿ ನಮ್ಮ ಅಡುಗೆಯಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದೆ ಇರುವುದೇ ಜಾಸ್ತಿ. ಪಾಯಸ, ಕೇಸರಿಬಾತು, ಪೊಂಗಲ್‌ನಲ್ಲಿ ಕಾಣುತ್ತದೆ. ಹೋಟೆಲಿನ ಕುರ್ಮಾ, ಪನ್ನೀರ್ ಗ್ರೇವಿಯಲ್ಲಿ ರುಬ್ಬಿ ಹೋಗಿರುತ್ತದೆ. ಮಿಠಾಯಿ ಅಂಗಡಿಯಲ್ಲಿ ಒಂದೇ ತಟ್ಟೆ, ಒಂದೇ ಚಾಕು. ಪೊಟ್ಟಣದ ತಿಂಡಿಗೆ ಒಂದು ಅನುಕೂಲ ಇದೆ: ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಂತೆ ಮರದ ಬೀಜಗಳು (ಗೋಡಂಬಿ, ಬಾದಾಮಿ, ಪಿಸ್ತಾದಂಥವು), ಕಡಲೆಬೀಜ, ಹಾಲು, ಸೋಯಾ, ಗೋಧಿಯಂಥವು ಇದ್ದರೆ ಬರೆಯಲೇಬೇಕು. ಬಿಡಿಯಾಗಿ ಕೊಂಡ ತಿಂಡಿಯಲ್ಲಿ ಹಾಗೆ ಓದುವುದಕ್ಕೇ ಏನೂ ಇರುವುದಿಲ್ಲ. ದೇವಸ್ಥಾನದ ಪ್ರಸಾದ, ನೆಂಟರು ಪ್ರೀತಿಯಿಂದ ಬಾಯಿಗಿಡುವ ತುಣುಕು ಸಿಹಿ, ಇವೇ ದೊಡ್ಡ ಚಿಂತೆ. ಮಗುವಿನ ಬಾಯಿಗೆ ಏನಾದರೂ ಇಡುವ ಮುಂಚೆ ತನ್ನನ್ನು ಕೇಳಬೇಕು ಎಂದು ಅಜ್ಜಿ ಬೀದಿಗೆಲ್ಲ ಹೇಳಿದ್ದಾರೆ. ಸೊಸೆ ಹೇಳಿದ್ದರೆ ಅತಿಯಾಯಿತು ಅನ್ನುತ್ತಿದ್ದರು. ಅಜ್ಜಿ ಹೇಳಿದ್ದರಿಂದ ನಡೆಯಿತು.

ಮಾಲ್ಟ್ ಪುಡಿ ಮತ್ತೆ ಶುರುವಾಗಿದೆ. ಈಗ ಗಿರಣಿಗೆ ಹೋಗುವುದಿಲ್ಲ, ಮಗುವಿಗೆಂದೇ ಬೇರೆ ಇಟ್ಟ ಮಿಕ್ಸಿ ಜಾರಿನಲ್ಲಿ ಮನೆಯಲ್ಲೇ ಪುಡಿ ಮಾಡುತ್ತಾರೆ. ಡಬ್ಬಿಯ ಮೇಲೆ ಮಾಡಿದ ತಾರೀಖು, ಹಾಕಿದ ಪದಾರ್ಥ ಎಲ್ಲವನ್ನೂ ಅಜ್ಜಿ ಬರೆದು ಅಂಟಿಸುತ್ತಾರೆ. ಕಡಲೆಬೀಜದ ಪರೀಕ್ಷೆ ಆಸ್ಪತ್ರೆಯಲ್ಲಿ ತೊಂದರೆಯಿಲ್ಲದೆ ಮುಗಿಯಿತು. ಈಗ ಹುರಿದು ನುಣ್ಣಗೆ ಪುಡಿ ಮಾಡಿದ್ದನ್ನು ವಾರಕ್ಕೆ ಎರಡು ಮೂರು ಸಲ ಗಂಜಿಗೆ ಬೆರೆಸಿ ಕೊಡುತ್ತಾರೆ, ಇಡೀ ಬೀಜ ಅಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಗೋಡಂಬಿಯ ಅಲರ್ಜಿ ಹಾಲಿನ ಅಲರ್ಜಿಯ ಹಾಗೆ ಮಗು ಬೆಳೆದಂತೆ ತಾನಾಗಿ ಹೋಗಿಬಿಡುವುದು ಕಮ್ಮಿ. ಹಾಗಾಗಿ ವರ್ಷಕ್ಕೊಮ್ಮೆ ಮತ್ತೆ ನೋಡಬೇಕು ಎಂದಿದ್ದಾರೆ. ಮಗುವಿನ ಹೊಸ ತೂಕಕ್ಕೆ ತಕ್ಕಂತೆ ಅಡ್ರಿನಾಲಿನ್ ಪ್ರಮಾಣವನ್ನೂ ಆಗ ಬದಲಾಯಿಸಿ ಬರೆಸಿಕೊಳ್ಳಬೇಕು.